ಪ್ರದರ್ಶನದಿಂದ ಪಾಠದವರೆಗೆ: ಜಾನಪದ ದತ್ತಾಂಶ ಸಂಸ್ಕರಣೆ ಮತ್ತು ಫಂಕ್ಷನಲ್ ರಿಯಾಕ್ಟಿವ್ ಪ್ರೋಗ್ರಾಮಿಂಗ್

1. ಪ್ರಸ್ತಾವನೆ

ಜಾನಪದ ಅಧ್ಯಯನದ ಇತಿಹಾಸವೆಂದರೆ ಒಂದರ್ಥದಲ್ಲಿ ದತ್ತಾಂಶವನ್ನು ಸಂಗ್ರಹಿಸಿ, ವಿಂಗಡಿಸಿ, ಹೋಲಿಸಿ ನೋಡಿದ ಇತಿಹಾಸವೇ ಆಗಿದೆ. ಹಾಡುವವರ ಕಂಠದಿಂದ ಹೊರಟ ಕಾವ್ಯವೊಂದು ಮುದ್ರಿತ ಗ್ರಂಥವಾಗಿ ಓದುಗರ ಕೈಸೇರುವ ಹೊತ್ತಿಗೆ ಧ್ವನಿಮುದ್ರಣ, ಲಿಪೀಕರಣ, ಸಾಲುವಿಭಜನೆ, ಅನುವಾದ, ಆಶಯಗಳ ಗುರುತಿಸುವಿಕೆ, ಪದಕೋಶ ರಚನೆ ಮುಂತಾದ ಹಲವು ಹಂತಗಳನ್ನು ದಾಟಿ ಬಂದಿರುತ್ತದೆ. ಒಂದೊಂದು ಹಂತವನ್ನು ಹೇಗೆ ನಿರ್ವಹಿಸಬೇಕೆಂಬುದರ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಒಂದು ಹಂತದಲ್ಲಿ ಆದ ತಿದ್ದುಪಡಿ ಮುಂದಿನ ಹಂತಗಳನ್ನು ಹೇಗೆ ತಲುಪಬೇಕು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತಪ್ಪಾಗಿ ಕೇಳಿಸಿಕೊಂಡ ಒಂದು ಪದ ಅನುವಾದವನ್ನು ಹೊಕ್ಕು, ಅಲ್ಲಿಂದ ಆಶಯಸೂಚಿಗೆ ಸಾಗಿ, ಕೊನೆಗೆ ಪದಕೋಶದ ಒಂದು ನಮೂದಾಗಿ ನೆಲೆಗೊಂಡ ಮೇಲೆ ಅದನ್ನು ಹಿಂಬಾಲಿಸಿ ತಿದ್ದುವ ದಾರಿ ಯಾವುದು?

ಗಣಕ ವಿಜ್ಞಾನವು ಇದೇ ಪ್ರಶ್ನೆಯನ್ನು ತನ್ನದೇ ಕಾರಣಗಳಿಗಾಗಿ ಬೇರೊಂದು ನೆಲೆಯಲ್ಲಿ ಎದುರಿಸಿದೆ. ಬಿಡಿ ಘಟಕಗಳಿಂದ ದತ್ತಾಂಶ ಸಂಸ್ಕರಣೆಯ ಪೈಪ್‌ಲೈನ್‌ಗಳನ್ನು ಕಟ್ಟುವ ವಿಧಾನಗಳಲ್ಲಿ 'ಫಂಕ್ಷನಲ್ ರಿಯಾಕ್ಟಿವ್ ಪ್ರೋಗ್ರಾಮಿಂಗ್' ಎಂಬುದು ತಾತ್ವಿಕವಾಗಿ ಗಟ್ಟಿಯಾದ ಒಂದು ಧಾರೆ. ಆ ಪರಿಕಲ್ಪನೆಯಿಂದ ಜಾನಪದ ಸಂಗ್ರಹಾಲಯಗಳು ಪಡೆಯಬಹುದಾದುದೇನು, ಪಡೆಯಲಾಗದುದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಇದಕ್ಕೆ ಪ್ರಧಾನ ನಿದರ್ಶನವಾಗಿ ತುಳುವಿನ ಸಿರಿ ಪಾಡ್ದನದ ಪಠ್ಯೀಕರಣವನ್ನು ಆರಿಸಿಕೊಳ್ಳಲಾಗಿದೆ.

2. ಪರಿಕಲ್ಪನೆಯ ಸ್ವರೂಪ

ಸಂಸ್ಕರಣೆಯ ಕೆಲಸವನ್ನು ಒಂದಕ್ಕೊಂದು ಜೋಡಿಸಬಹುದಾದ ಘಟಕಗಳಾಗಿ ಒಡೆಯುವ ಆಲೋಚನೆ ಹೊಸದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಾಸ್ ಮೆಕಿಲ್‌ರಾಯ್ ಅವರು 1964ರಷ್ಟು ಹಿಂದೆಯೇ, ತೋಟಕ್ಕೆ ನೀರು ಹಾಯಿಸುವ ಕೊಳವೆಯ ತುಂಡುಗಳನ್ನು ಜೋಡಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸುವಂತಿರಬೇಕೆಂದು ಟಿಪ್ಪಣಿಯೊಂದರಲ್ಲಿ ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅವರು ಯುನಿಕ್ಸ್ ವ್ಯವಸ್ಥೆಯಲ್ಲಿ ಇದನ್ನು ಕಾರ್ಯರೂಪಕ್ಕೆ ತಂದರು. ಪ್ರತಿಯೊಂದು ಪ್ರೋಗ್ರಾಮು ಒಂದೇ ಕೆಲಸವನ್ನು ಮಾಡಬೇಕು, ಒಂದರ ಫಲಿತ ಇನ್ನೊಂದರ ಒಳಹರಿವಾಗಬೇಕು ಎಂಬುದು ಇದರ ಸೂತ್ರ. ಪೈಪ್‌ಲೈನ್ ಎಂಬ ಹೆಸರು ಈ ಅರ್ಥದಲ್ಲಿ ರೂಢಿಗೆ ಬಂದಿದೆ.

ಇದಕ್ಕೆ 'ಫಂಕ್ಷನಲ್' ಎಂಬ ವಿಶೇಷಣ ಸೇರಿದಾಗ ಒಂದು ಕಟ್ಟುಪಾಡು ಬರುತ್ತದೆ. ಗಣಿತದ ಅರ್ಥದಲ್ಲಿ ಫಂಕ್ಷನ್ ಎಂದರೆ ಒಂದೇ ಒಳಹರಿವಿಗೆ ಯಾವಾಗಲೂ ಒಂದೇ ಫಲಿತವನ್ನು ಕೊಡುವ, ತನ್ನ ಹೊರಗಿನ ಯಾವುದನ್ನೂ ಬದಲಿಸದ ಸಂಬಂಧ. ಇಂತಹ ಘಟಕವನ್ನು ಪ್ರತ್ಯೇಕವಾಗಿ ಪರೀಕ್ಷಿಸಬಹುದು. ಉಳಿದವನ್ನು ಮುಟ್ಟದೆ ತೆಗೆದು ಬೇರೊಂದನ್ನು ಆ ಜಾಗದಲ್ಲಿ ಇರಿಸಬಹುದು. 'ರಿಯಾಕ್ಟಿವ್' ಎಂಬ ಇನ್ನೊಂದು ವಿಶೇಷಣ ಕಾಲಕ್ಕೆ ಸಂಬಂಧಿಸಿದ್ದು. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಮೊದಲ್ಗೊಂಡು ಇಂದಿನ ಎಕ್ಸೆಲ್‌ವರೆಗಿನ ಲೆಕ್ಕದ ಹಾಳೆಗಳನ್ನು ಬಳಸಿದವರಿಗೆ ಇದರ ಪರಿಚಯವಿರುತ್ತದೆ. ಮೇಲಿನ ಮನೆಯೊಂದರಲ್ಲಿ ಅಂಕಿಯನ್ನು ಬದಲಿಸಿದರೆ ಕೆಳಗಿನ ಮೊತ್ತ ತಾನಾಗಿಯೇ ಬದಲಾಗುತ್ತದೆ. ಅಲ್ಲಿ ಮೊತ್ತವೆಂಬುದು ಬರೆದಿಟ್ಟ ಅಂಕಿಯಲ್ಲ. ಮೇಲಿನ ಅಂಕಿಗಳೊಡನೆ ಸದಾ ಜೀವಂತವಾಗಿರುವ ಒಂದು ಸಂಬಂಧ.

ಈ ಎರಡೂ ಗುಣಗಳನ್ನು ಒಂದು ಸಿದ್ಧಾಂತವಾಗಿ ರೂಪಿಸಿದ ಹಿರಿಮೆ ಕಾನಲ್ ಎಲಿಯಟ್ ಮತ್ತು ಯೇಲ್ ವಿಶ್ವವಿದ್ಯಾಲಯದ ಪಾಲ್ ಹುಡಾಕ್ ಅವರು 1997ರಲ್ಲಿ ಪ್ರಕಟಿಸಿದ 'ಫಂಕ್ಷನಲ್ ರಿಯಾಕ್ಟಿವ್ ಆನಿಮೇಷನ್' ಎಂಬ ಪ್ರಬಂಧಕ್ಕೆ ಸಲ್ಲುತ್ತದೆ. ಚಲಿಸುವ ಚಿತ್ರಗಳನ್ನು ಹ್ಯಾಸ್ಕೆಲ್ ಭಾಷೆಯಲ್ಲಿ ವರ್ಣಿಸುವುದು ಅವರ ಉದ್ದೇಶವಾಗಿತ್ತು. ಅವರು ಎರಡು ಮೂಲ ಪದಾರ್ಥಗಳನ್ನು ಗುರುತಿಸಿದರು. ಮೊದಲನೆಯದು 'ಬಿಹೇವಿಯರ್', ಅಂದರೆ ಕಾಲದೊಡನೆ ನಿರಂತರವಾಗಿ ಬದಲಾಗುವ ಮೌಲ್ಯ. ಎರಡನೆಯದು 'ಇವೆಂಟ್', ಅಂದರೆ ನಿರ್ದಿಷ್ಟ ಕ್ಷಣದಲ್ಲಿ ಸಂಭವಿಸುವ ಘಟನೆ. ಹೊಳೆಯ ನೀರಿನ ಮಟ್ಟ ಮೊದಲನೆಯದಕ್ಕೆ ಉದಾಹರಣೆಯಾದರೆ, ಗುಡಿಯ ಗಂಟೆ ಬಡಿದದ್ದು ಎರಡನೆಯದಕ್ಕೆ ಉದಾಹರಣೆ. ಹೊಳೆಯ ಮಟ್ಟವನ್ನು ಗಂಟೆಗೊಮ್ಮೆ ಅಳೆದು ಬರೆದ ಪಟ್ಟಿ ಹೊಳೆಯಲ್ಲ; ಅದು ಹೊಳೆಯ ಮಾದರಿ ಮಾತ್ರ. ಮಾದರಿ ತೆಗೆಯುವ ಕೆಲಸವನ್ನು ಸಂಸ್ಕರಣೆಯ ಆರಂಭದಲ್ಲಿ ಮಾಡದೆ, ಫಲಿತವನ್ನು ತೋರಿಸಬೇಕಾದ ಕೊನೆಯ ಹಂತಕ್ಕೆ ಬಿಡಬೇಕೆಂಬುದು ಈ ಚಿಂತನೆಯ ತಿರುಳು.

ಮುಂದಿನ ಬೆಳವಣಿಗೆಯಲ್ಲಿ ಈ ತಿರುಳು ತೆಳುವಾದುದನ್ನೂ ಗಮನಿಸಬೇಕು. ಯೇಲ್‌ನಲ್ಲಿ 2000ದ ದಶಕದ ಆರಂಭದಲ್ಲಿ ರೂಪುಗೊಂಡ ಯಾಂಪಾ ವ್ಯವಸ್ಥೆ ಮೂಲ ಆಶಯವನ್ನು ಬಹುಮಟ್ಟಿಗೆ ಉಳಿಸಿಕೊಂಡು ಘಟಕಗಳ ಜೋಡಣೆಗೆ ಹೆಚ್ಚಿನ ಶಿಸ್ತನ್ನು ತಂದಿತು. ಆದರೆ 2009ರಲ್ಲಿ ಎರಿಕ್ ಮೈಯರ್ ಮತ್ತು ಸಂಗಡಿಗರಿಂದ ಮೈಕ್ರೋಸಾಫ್ಟ್ ಹೊರತಂದ 'ರಿಯಾಕ್ಟಿವ್ ಎಕ್ಸ್‌ಟೆನ್ಷನ್ಸ್' ಮತ್ತು ಅದರ ಮಾದರಿಯ ಸಾಧನಗಳು ಘಟನೆಗಳ ಪ್ರವಾಹವನ್ನಷ್ಟೇ ಉಳಿಸಿಕೊಂಡು ನಿರಂತರ ಕಾಲವನ್ನು ಕೈಬಿಟ್ಟವು. 2012ರಲ್ಲಿ ಇದೇ ತತ್ವದ ಮೇಲೆ ಹುಟ್ಟಿದ ಎಲ್ಮ್ ಭಾಷೆ 2016ರಲ್ಲಿ ಅದಕ್ಕೆ ವಿದಾಯ ಹೇಳಿತು. ಸ್ಪಷ್ಟವಾದ ಅರ್ಥನಿರೂಪಣೆ ಮತ್ತು ನಿರಂತರ ಕಾಲ ಇವೆರಡೇ ತಮ್ಮ ಪರಿಕಲ್ಪನೆಯ ಮೂಲ ಲಕ್ಷಣಗಳೆಂದು ಎಲಿಯಟ್ ಅವರು ಪ್ರತಿಪಾದಿಸುತ್ತ ಬಂದಿದ್ದಾರೆ. ಬಳಕೆಯ ಸೌಲಭ್ಯಕ್ಕಾಗಿ ಕಾಲವನ್ನು ಬಿಡಿ ಬಿಂದುಗಳಾಗಿ ಕತ್ತರಿಸಿದಾಗ ಆಗುವ ನಷ್ಟ ಜಾನಪದ ವಿದ್ವಾಂಸರಿಗೆ ಅಪರಿಚಿತವೇನೂ ಅಲ್ಲ.

3. ಸೂಚಿಗಳ ಪರಂಪರೆ

ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಪ್ರಕಟಿಸಿದ ಕಥಾವರ್ಗಗಳ ಸೂಚಿಯನ್ನು ಸ್ಟಿತ್ ಥಾಂಪ್ಸನ್ 1928ರಲ್ಲಿ, ಮತ್ತೆ 1961ರಲ್ಲಿ ವಿಸ್ತರಿಸಿದರು. 2004ರಲ್ಲಿ ಹಾನ್ಸ್-ಯೋರ್ಗ್ ಊಥರ್ ಅವರು ಅದನ್ನು ಪುನಾರಚಿಸಿದರು. ಭಾರತದ ಕಥೆಗಳಿಗೆ ಸಂಬಂಧಿಸಿದಂತೆ ಥಾಂಪ್ಸನ್ ಮತ್ತು ವಾರೆನ್ ರಾಬರ್ಟ್ಸ್ ಅವರ ವರ್ಗಸೂಚಿ 1960ರಲ್ಲಿ ಬಂತು. ಈ ಸೂಚಿಗಳ ಉಪಯುಕ್ತತೆ ಪ್ರಶ್ನಾತೀತ. ಆದರೆ ಅವುಗಳ ಬಳಕೆಯಲ್ಲಿ ಒಂದು ತಾರ್ಕಿಕ ತೊಡಕು ಅಡಗಿದೆ. ಕಥೆಯೊಂದಕ್ಕೆ ನೀಡಿದ ವರ್ಗಸಂಖ್ಯೆಯನ್ನು ಆ ಕಥೆಯ ಗುಣವೆಂಬಂತೆ ಪಟ್ಟಿಯಲ್ಲಿ ಬರೆದಿಡಲಾಗುತ್ತದೆ. ವಾಸ್ತವದಲ್ಲಿ ಆ ಸಂಖ್ಯೆ ಒಂದು ಫಲಿತ. ನಿರ್ದಿಷ್ಟ ಪಾಠ, ಸೂಚಿಯ ನಿರ್ದಿಷ್ಟ ಆವೃತ್ತಿ, ವರ್ಗೀಕರಿಸಿದ ವಿದ್ವಾಂಸರ ತೀರ್ಮಾನ ಈ ಮೂರೂ ಕೂಡಿದಾಗ ಮಾತ್ರ ಅದು ಹುಟ್ಟುತ್ತದೆ. 2004ರಲ್ಲಿ ಸೂಚಿಯೇ ಬದಲಾದಾಗ ಹಳೆಯ ಸಂಖ್ಯೆಗಳನ್ನು ಹೊತ್ತ ಪಟ್ಟಿಗಳು ತಾವಾಗಿಯೇ ಬದಲಾಗಲಿಲ್ಲ. ಮೊತ್ತವನ್ನು ಸೂತ್ರದಿಂದ ಪಡೆಯದೆ ಕೈಯಿಂದ ಬರೆದಿಟ್ಟ ಲೆಕ್ಕದ ಹಾಳೆಯ ಸ್ಥಿತಿಯೇ ಅವುಗಳದಾಯಿತು.

ಯಂತ್ರದ ನೆರವನ್ನು ಬಯಸಿದವರಲ್ಲೂ ಈ ದೃಷ್ಟಿಯೇ ಪ್ರಧಾನವಾಗಿತ್ತು. ಕ್ಲಾಡ್ ಲೆವಿಸ್ಟ್ರಾಸ್ ಅವರು ಪುರಾಣಗಳ ರಾಚನಿಕ ಅಧ್ಯಯನ ಕುರಿತ 1955ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಪಾಠಾಂತರಗಳ ಹೋಲಿಕೆ ಜಟಿಲವಾದಂತೆ ರಂಧ್ರಿತ ಕಾರ್ಡುಗಳೂ ಐಬಿಎಂ ಯಂತ್ರಗಳೂ ಬೇಕಾಗುತ್ತವೆಂದು ಸೂಚಿಸಿದ್ದರು. ಕಾರ್ಡಿನ ಮೇಲೆ ಬರುವ ಹೊತ್ತಿಗೆ ಪುರಾಣವು ಆಗಲೇ ಬಿಡಿ ವಾಕ್ಯಗಳಾಗಿ ಒಡೆದಿರುತ್ತದೆ. ಮಾದರಿ ತೆಗೆಯುವ ಕೆಲಸ ಮೊದಲ ಹಂತದಲ್ಲಿಯೇ ಮುಗಿದುಹೋಗಿರುವುದರಿಂದ ಆ ವಿಭಜನೆ ಸರಿಯೇ ಎಂದು ಮರಳಿ ಪರಿಶೀಲಿಸಲು ಕಾರ್ಡುಗಳಷ್ಟೇ ಸಾಲುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯನ್ ಕಿನ್ನರಕಥೆಗಳಲ್ಲಿ ಗುರುತಿಸಿದ 31 'ಫಂಕ್ಷನ್'ಗಳಿಗೂ ಗಣಕಶಾಸ್ತ್ರದ ಫಂಕ್ಷನ್‌ಗೂ ಹೆಸರಿನ ಸಾಮ್ಯವಷ್ಟೇ ಇದೆ. ಪ್ರಾಪ್ ಅವರದು ಕಥೆಯ ಒಳಗೆ ಪಾತ್ರವೊಂದು ನಿರ್ವಹಿಸುವ ಕ್ರಿಯೆ. ಗಣಕದ್ದು ಒಳಹರಿವನ್ನು ಫಲಿತವಾಗಿಸುವ ಸಂಬಂಧ. ಒಂದು ಕಥೆಯ ಘಟಕ, ಇನ್ನೊಂದು ಕಥೆಯನ್ನು ಸಂಸ್ಕರಿಸುವ ಘಟಕ. ಇವೆರಡನ್ನು ಬೆರೆಸಿದರೆ ವಿವೇಚನೆ ದಾರಿ ತಪ್ಪುತ್ತದೆ.

4. ಸಿರಿ ಪಾಡ್ದನದ ನಿದರ್ಶನ

ಮೌಖಿಕ ಮಹಾಕಾವ್ಯವೊಂದು ಪಾಠವಾಗುವ ಪ್ರಕ್ರಿಯೆಯನ್ನು ಅತ್ಯಂತ ಎಚ್ಚರದಿಂದ ದಾಖಲಿಸಿದ ಉದಾಹರಣೆಗಳಲ್ಲಿ ಸಿರಿ ಮಹಾಕಾವ್ಯದ ಸಂಪಾದನೆ ಒಂದು. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕ ಅವರು 1990ರ ಡಿಸೆಂಬರ್‌ನಲ್ಲಿ ಹಲವು ದಿನಗಳ ಕಾಲ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ, ಆನೆಲಿ ಹಾಂಕೊ ಹಾಗೂ ಕರ್ನಾಟಕದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರು ದಾಖಲಿಸಿ ಸಂಪಾದಿಸಿದರು. 15,683 ಸಾಲುಗಳ ತುಳು ಪಾಠವು ಇಂಗ್ಲಿಷ್ ಅನುವಾದದೊಡನೆ 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅವುಗಳ ಜೊತೆಗೇ ಬಂದ ಇನ್ನೊಂದು ಸಂಪುಟ ಪೂರ್ಣವಾಗಿ ಪಠ್ಯೀಕರಣದ ಪ್ರಕ್ರಿಯೆಗೇ ಮೀಸಲಾಗಿದೆ ಎಂಬುದು ಇಲ್ಲಿ ಗಮನಾರ್ಹ. ಫಲಿತವನ್ನು ಮಾತ್ರವಲ್ಲ, ಫಲಿತ ಹುಟ್ಟಿದ ಹಾದಿಯನ್ನೂ ಓದುಗರ ಮುಂದಿಡಬೇಕೆಂಬ ಅರಿವು ಈ ಯೋಜನೆಯಲ್ಲಿತ್ತು. ಅದೇ ಗಾಯಕರು ಈ ಮೊದಲು ಹೇಳಿ ಬರೆಯಿಸಿದ್ದ ಪಾಠ ಹಾಡಿದ ಪಾಠಕ್ಕಿಂತ ಬಹಳ ಚಿಕ್ಕದಾಗಿತ್ತು. ಗಾಯಕರ ಮನಸ್ಸಿನಲ್ಲಿರುವ 'ಮಾನಸಿಕ ಪಠ್ಯ'ವು ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ರೂಪಗಳನ್ನು ತಾಳುತ್ತದೆಂಬ ಹಾಂಕೊ ಅವರ ವಾದಕ್ಕೆ ಇಂತಹ ಸಂಗತಿಗಳೇ ಆಧಾರ. ಫಂಕ್ಷನಲ್ ರಿಯಾಕ್ಟಿವ್ ಚಿಂತನೆಯ ಮಾತಿನಲ್ಲಿ ಹೇಳುವುದಾದರೆ ಪಾಡ್ದನವು ಕಾಲದೊಡನೆ ಬದಲಾಗುವ ಮೌಲ್ಯ. 1990ರ ಪಾಠ ಅದರ ಒಂದು ಶ್ರೇಷ್ಠ ಮಾದರಿ.

ಈಗ ಸಾಲುಗಳ ಸಂಖ್ಯೆಯನ್ನೇ ಪರಿಶೀಲಿಸಬಹುದು. ಇಲಿಯಡ್ ಕಾವ್ಯದ ಸಾಲುಗಳೂ 15,700ಕ್ಕೆ ಹತ್ತಿರವಿರುವುದರಿಂದ ಎರಡೂ ಕಾವ್ಯಗಳ ಗಾತ್ರವನ್ನು ಹೋಲಿಸುವುದು ರೂಢಿಯಾಗಿದೆ. ಆದರೆ ಗ್ರೀಕ್ ಕಾವ್ಯದ ಸಾಲನ್ನು ಛಂದಸ್ಸು ನಿರ್ಧರಿಸುತ್ತದೆ. ಪಾಡ್ದನದ ಸಾಲಾದರೋ ಹಾಡುವವರ ಉಸಿರು, ವಿರಾಮ, ಲಯಗಳನ್ನು ಗಮನಿಸಿ ಲಿಪೀಕಾರರು ಗುರುತಿಸಿದ ಗಡಿ. ಆದ್ದರಿಂದ 15,683 ಎಂಬುದು ಪಾಡ್ದನದ ಸಹಜ ಗುಣವಾಗಿರದೆ ಒಂದು ನಿರ್ದಿಷ್ಟ ವಿಭಜನೆಯ ಫಲಿತವಾಗಿದೆ. ವಿಭಜನೆಯ ನಿಯಮವನ್ನು ಬದಲಿಸಿದರೆ ಸಂಖ್ಯೆಯೂ ಬದಲಾದೀತು. ಸಾಲುವಿಭಜನೆಯನ್ನು ಪ್ರತ್ಯೇಕ ಘಟಕವಾಗಿ ಇರಿಸಿದ ವ್ಯವಸ್ಥೆಯಲ್ಲಿ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಲಿಪೀಕರಣದೊಳಗೆ ವಿಭಜನೆಯೂ ಬೆರೆತುಹೋಗಿದ್ದರೆ ಅದು ಸಾಧ್ಯವಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ತುಳುವಿನ ಧ್ವನಿವ್ಯವಸ್ಥೆಯಲ್ಲಿದೆ. ತುಳುವಿನಲ್ಲಿ ಎಕಾರ ಎರಡು ಬಗೆಯದು. ಒಂದು ಕನ್ನಡದ ಎಕಾರದಂತಹದು, ಇನ್ನೊಂದು ಬಾಯಿಯನ್ನು ಹೆಚ್ಚು ತೆರೆದು ಉಚ್ಚರಿಸುವಂತಹದು. 'ಬತ್ತೆ' ಎಂಬಲ್ಲಿ ಕೊನೆಯ ಸ್ವರ ಮೊದಲ ಬಗೆಯದಾದರೆ 'ಅವನು ಬಂದ' ಎಂಬ ಅರ್ಥ. ಎರಡನೆಯ ಬಗೆಯದಾದರೆ 'ನಾನು ಬಂದೆ' ಎಂಬ ಅರ್ಥ. ವಿಶೇಷ ಚಿಹ್ನೆಯನ್ನು ಬಳಸದೆ ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ. ಬೇರೆ ಸಾಹಿತ್ಯಪ್ರಕಾರಗಳಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದೇನೋ. ಸಿರಿ ಜಾತ್ರೆಯಂತಹ ಆಚರಣೆಯಲ್ಲಿ ಮೈದುಂಬಿದವರು ಸಿರಿಯಾಗಿ, ಕುಮಾರನಾಗಿ ಪ್ರಥಮಪುರುಷವನ್ನು ಬಿಟ್ಟು ಉತ್ತಮಪುರುಷದಲ್ಲಿ ಮಾತನಾಡುತ್ತಾರೆ. 'ಕುಮಾರ ಬಂದ' ಎಂಬ ನಿರೂಪಣೆ 'ಕುಮಾರನಾದ ನಾನು ಬಂದೆ' ಎಂಬ ಆವಿರ್ಭಾವವಾಗುವ ಗಡಿ ಈ ಒಂದು ಸ್ವರದಲ್ಲಿರಬಹುದು. ಆಲನ್ ಡಂಡಸ್ 1964ರಲ್ಲಿ ಪಾಠ, ಸಂದರ್ಭಗಳೊಡನೆ ಪೋತವನ್ನೂ, ಅಂದರೆ ಭಾಷಿಕ ನೇಯ್ಗೆಯನ್ನೂ, ವಿಶ್ಲೇಷಣೆಯ ಪ್ರತ್ಯೇಕ ನೆಲೆಯಾಗಿ ಗುರುತಿಸಿದ್ದರ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಲಿಪೀಕರಣದ ಹಂತದಲ್ಲಿ ಪೋತ ಕಳೆದುಹೋದರೆ ಅನುವಾದ, ಆಶಯಸೂಚಿ, ಆಚರಣೆಯ ವ್ಯಾಖ್ಯಾನ ಇವೆಲ್ಲವೂ ತಪ್ಪು ಬುನಾದಿಯ ಮೇಲೆ ನಿಲ್ಲುತ್ತವೆ.

5. ಫಲಿತ ಮತ್ತು ತೀರ್ಮಾನ

ಹಾಗಾದರೆ ಲಿಪೀಕರಣವನ್ನು ಒಂದು ಫಂಕ್ಷನ್ ಎಂದು ಪರಿಗಣಿಸಬಹುದೇ? ಈ ಪರಿಕಲ್ಪನೆಯ ಉತ್ಸಾಹಿಗಳು ಎಡವಬಹುದಾದ ಜಾಗ ಇದೇ. ಒಂದೇ ಧ್ವನಿಮುದ್ರಣವನ್ನು ಇಬ್ಬರು ಲಿಪೀಕಾರರಿಗೆ ಕೊಟ್ಟರೆ ಎರಡು ಪಾಠಗಳು ಬರುತ್ತವೆ. ಅದೇ ವ್ಯಕ್ತಿ ಹತ್ತು ವರ್ಷಗಳ ಅನಂತರ ಮತ್ತೆ ಕೇಳಿದರೆ ಮೂರನೆಯದು ಬರಬಹುದು. ಒಂದೇ ಒಳಹರಿವಿಗೆ ಒಂದೇ ಫಲಿತ ಎಂಬ ನಿಯಮ ಇಲ್ಲಿ ನಿಲ್ಲುವುದಿಲ್ಲ. ಇದನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಕೇಳುವುದು ವಿವೇಚನೆಯ ಕೆಲಸವಾಗಿರುವುದೇ ಇದಕ್ಕೆ ಕಾರಣ.

ಆದ್ದರಿಂದ ಜಾನಪದ ಸಾಮಗ್ರಿಯ ಸಂಸ್ಕರಣೆಯಲ್ಲಿ ಮೂರು ಬಗೆಯನ್ನು ಪ್ರತ್ಯೇಕಿಸುವುದು ಸೂಕ್ತ. ಮೊದಲನೆಯದು ಆಕರ, ಅಂದರೆ ತಿದ್ದುಪಡಿಗೆ ಒಳಗಾಗದ ಧ್ವನಿ ಮತ್ತು ದೃಶ್ಯ ಮುದ್ರಣ. ಎರಡನೆಯದು ತೀರ್ಮಾನ. 'ಇಂಥವರು, ಇಂಥ ದಿನ, ಇಷ್ಟನೆಯ ನಿಮಿಷದಲ್ಲಿ ಈ ಪದವನ್ನು ಹೀಗೆ ಕೇಳಿಸಿಕೊಂಡರು' ಎಂಬುದು ಒಂದು ಘಟನೆ. ಅದಕ್ಕೆ ಹೆಸರೂ ಕಾಲವೂ ಇರುತ್ತವೆ. ಅನುವಾದಕರ ಆಯ್ಕೆ, ವರ್ಗೀಕರಿಸಿದವರ ನಿರ್ಣಯ ಇವೂ ಇದೇ ಗುಂಪಿಗೆ ಸೇರುತ್ತವೆ. ಮೂರನೆಯದು ಫಲಿತ. ಪದಗಳ ಅಕಾರಾದಿ ಪಟ್ಟಿ, ಪುನರಾವೃತ್ತ ಸೂತ್ರಗಳ ಎಣಿಕೆ, ಸಾಲುಗಳ ಸಂಖ್ಯೆ, ಹಳೆಯ ವರ್ಗಸಂಖ್ಯೆಯಿಂದ ಹೊಸದಕ್ಕೆ ಪರಿವರ್ತನೆ ಮುಂತಾದವು ಆಕರ ಮತ್ತು ತೀರ್ಮಾನಗಳಿಂದ ನಿಯಮಬದ್ಧವಾಗಿ ಹುಟ್ಟುವಂತಹವು. ಇವು ಮಾತ್ರ ನಿಜವಾದ ಅರ್ಥದಲ್ಲಿ ಫಂಕ್ಷನ್‌ಗಳು. ಇವನ್ನು ಎಂದೂ ಕೈಯಿಂದ ತಿದ್ದಬಾರದು. ಪದಕೋಶದಲ್ಲಿ ತಪ್ಪು ಕಂಡುಬಂದರೆ ಪದಕೋಶವನ್ನೇ ತಿದ್ದುವ ಬದಲು ಅದಕ್ಕೆ ಮೂಲವಾದ ತೀರ್ಮಾನದ ಎದುರಿಗೆ ಹೊಸ ತೀರ್ಮಾನವನ್ನು ದಾಖಲಿಸಬೇಕು. ಆಗ ಪದಕೋಶ, ಸೂಚಿ, ಎಣಿಕೆಗಳು ತಾವಾಗಿಯೇ ಬದಲಾಗುತ್ತವೆ. ಹಳೆಯ ತೀರ್ಮಾನವೂ ಅಳಿಯದೆ ಉಳಿಯುತ್ತದೆ. ಅನುವಾದದಂತಹ ಮರುವಿವೇಚನೆ ಬೇಡುವ ಭಾಗಗಳು ತಾವಾಗಿ ಬದಲಾಗಲಾರವು. ಆದರೆ ಅವು ಹಳತಾಗಿವೆ ಎಂಬ ಗುರುತು ಅವುಗಳ ಮೇಲೆ ಬೀಳುತ್ತದೆ.

ಈ ವಿಂಗಡಣೆಯ ಅಗತ್ಯ ಇಂದು ಹೆಚ್ಚಿದೆ. 2024ರಲ್ಲಿ ಗೂಗಲ್‌ನ ಅನುವಾದ ಸೇವೆಗೆ ತುಳುವೂ ಸೇರಿದೆ. ಯಂತ್ರವು ಕೊಟ್ಟ ಅನುವಾದವನ್ನು ಆ ಯಂತ್ರದ ಆವೃತ್ತಿಯ ಫಲಿತವೆಂದು ಗುರುತಿಸದೆ ವಿದ್ವಾಂಸರ ತೀರ್ಮಾನಗಳ ಸಾಲಿನಲ್ಲಿ ಸೇರಿಸಿದರೆ, ಕೆಲವು ವರ್ಷಗಳಲ್ಲಿ ಯಾವುದು ಕಿವಿಯಿಂದ ಬಂದದ್ದು, ಯಾವುದು ಯಂತ್ರದಿಂದ ಬಂದದ್ದು ಎಂದು ಹೇಳುವುದೇ ಕಷ್ಟವಾದೀತು.

6. ಪರಿಕಲ್ಪನೆಯ ಮಿತಿಗಳು

ಫಂಕ್ಷನಲ್ ರಿಯಾಕ್ಟಿವ್ ಚಿಂತನೆ ಜಾನಪದದ ಅಗತ್ಯಗಳಿಗೆ ಪೂರ್ತಿ ಹೊಂದುತ್ತದೆಂದು ಭಾವಿಸಬಾರದು. ಮೂರು ಭಿನ್ನತೆಗಳನ್ನು ಇಲ್ಲಿ ಹೆಸರಿಸಬಹುದು.

ಮೊದಲನೆಯದು ನೆನಪಿಗೆ ಸಂಬಂಧಿಸಿದ್ದು. ಆರಂಭದ ವ್ಯವಸ್ಥೆಗಳಲ್ಲಿ ಮೌಲ್ಯಗಳ ಹಿಂದಿನ ಸ್ಥಿತಿಗಳೆಲ್ಲ ಗಣಕದ ಸ್ಮೃತಿಯಲ್ಲಿ ಕೂಡುತ್ತ ಹೋಗುವ ಸಮಸ್ಯೆಯಿತ್ತು. ಇದನ್ನು 'ಸೋರಿಕೆ' ಎಂದು ಕರೆದು ನಿವಾರಿಸಲು ಪ್ರಯತ್ನಿಸಲಾಯಿತು. ಯಾಂಪಾದಂತಹ ವ್ಯವಸ್ಥೆಗಳ ಹುಟ್ಟಿಗೆ ಇದೂ ಒಂದು ಕಾರಣ. ಆದರೆ ಪ್ರೋಗ್ರಾಮು ಬರೆಯುವವರಿಗೆ ದೋಷವಾಗಿ ಕಾಣುವ ಈ ಸಂಚಯವೇ ಸಂಗ್ರಹಾಲಯದ ಧರ್ಮ. ತಿರಸ್ಕೃತವಾದ ತೀರ್ಮಾನವೂ ಅಧ್ಯಯನದ ಇತಿಹಾಸಕ್ಕೆ ಆಕರವೇ.

ಎರಡನೆಯದು ಸ್ಥಿರತೆಗೆ ಸಂಬಂಧಿಸಿದ್ದು. ಮೂಲದಲ್ಲಿ ಬದಲಾವಣೆಯಾದಾಗ ಒಂದು ಫಲಿತ ಹೊಸದಾಗಿ, ಇನ್ನೊಂದು ಹಳೆಯದಾಗಿಯೇ ಕ್ಷಣಕಾಲ ಉಳಿಯುವ ಅಸಂಗತಿಯನ್ನು ಗಣಕಜ್ಞರು 'ಗ್ಲಿಚ್' ಎನ್ನುತ್ತಾರೆ. ಗಣಕದಲ್ಲಿ ಅದು ಕ್ಷಣದ ಮಾತು. ವಿದ್ವತ್ತಿನ ಲೋಕದಲ್ಲಿ ಹಳೆಯ ಆವೃತ್ತಿಯ ಸಾಲುಸಂಖ್ಯೆಯನ್ನು ಉಲ್ಲೇಖಿಸಿದ ಲೇಖನಗಳು ದಶಕಗಳ ಕಾಲ ಉಳಿಯುತ್ತವೆ. ಸದಾ ಬದಲಾಗುವ ಪಾಠವನ್ನು ಯಾರೂ ಉಲ್ಲೇಖಿಸಲಾರರು. ಆದ್ದರಿಂದ ಮುದ್ರಿತ ಆವೃತ್ತಿಯು ಕಾಲಸೂಚಿಯುಳ್ಳ ಮಾದರಿಯಾಗಿ ಸ್ಥಿರವಾಗಿರಬೇಕು. 1998ರ ಸಿರಿ ಪಾಠಕ್ಕೆ ಹೊಸ ಪಾಠ ಬಂದರೂ ಹಳೆಯದರ ಪ್ರಾಮಾಣ್ಯ ತನ್ನ ಕಾಲದ ಮಟ್ಟಿಗೆ ಅಬಾಧಿತ.

ಮೂರನೆಯದು ಅತ್ಯಂತ ಮುಖ್ಯವಾದುದು. ಪೈಪ್‌ಲೈನಿನ ರೂಪಕದಲ್ಲಿ ಗಾಯಕರು ಕೇವಲ ಉಗಮಸ್ಥಾನ. ನೀರು ಕೆಳಕ್ಕೆ ಹರಿಯುತ್ತದೆ, ಮೇಲಕ್ಕೆ ಮರಳುವುದಿಲ್ಲ. ಫಲಿತವನ್ನು ಮತ್ತೆ ಒಳಹರಿವಾಗಿ ತಿರುಗಿಸುವ ಆವರ್ತಗಳಿಗೆ ಈ ವಿಧಾನದಲ್ಲಿ ಅವಕಾಶವಿದೆಯಾದರೂ, ಅದನ್ನು ವಿಶೇಷ ಎಚ್ಚರದಿಂದ, ಸಾಮಾನ್ಯವಾಗಿ ಕೊಂಚ ವಿಳಂಬವನ್ನು ಸೇರಿಸಿ ಕಟ್ಟಬೇಕಾಗುತ್ತದೆ. ಮೌಖಿಕ ಪರಂಪರೆಯಲ್ಲಿ ಆವರ್ತವೇ ನಿಯಮ. ಕೇಳುವವರು ತಲೆದೂಗಿದಂತೆ ಹಾಡು ಹಿಗ್ಗುತ್ತದೆ, ಆಸಕ್ತಿ ಇಳಿದಂತೆ ಕುಗ್ಗುತ್ತದೆ. ದಾಖಲೀಕರಣದ ವಿಷಯದಲ್ಲೂ ಇದೇ ನ್ಯಾಯ ಅನ್ವಯಿಸಬೇಕು. ಲಿಪೀಕರಿಸಿದ ಪಾಠವನ್ನು ಹಾಡಿದವರಿಗೆ ಓದಿ ಹೇಳಿದಾಗ ಅವರು ಮಾಡುವ ತಿದ್ದುಪಡಿ ಆ ಪೈಪ್‌ಲೈನಿನ ಅತ್ಯಂತ ಬೆಲೆಬಾಳುವ ಘಟನೆ. ಹಾಗೆಯೇ, ಆಚರಣೆಯ ಇಂಥ ಭಾಗ ಹೊರಗಿನವರ ಕಿವಿಗೆ ಬೀಳಬಾರದೆಂದು ಆ ಸಮುದಾಯ ಹೇಳಿದರೆ ಅದೂ ಮೂಲದಲ್ಲಿಯೇ ದಾಖಲಾಗಿ ಎಲ್ಲ ಫಲಿತಗಳಿಂದಲೂ ಆ ಭಾಗ ಮರೆಯಾಗಬೇಕು. ಮುದ್ರಿತ ಗ್ರಂಥಕ್ಕೆ ಸಾಧ್ಯವಾಗದ ಈ ಗೌರವವನ್ನು ಸಲ್ಲಿಸುವ ಸಾಮರ್ಥ್ಯ ರಿಯಾಕ್ಟಿವ್ ವ್ಯವಸ್ಥೆಗಿದೆ. ಆದರೆ ಆ ಸಾಮರ್ಥ್ಯ ತಾನಾಗಿ ಒದಗುವುದಿಲ್ಲ. ಗಾಯಕರಿಗೂ ತೀರ್ಮಾನ ದಾಖಲಿಸುವ ಹಕ್ಕಿದೆಯೆಂದು ವಿನ್ಯಾಸದ ಮೊದಲ ದಿನವೇ ಒಪ್ಪಿಕೊಂಡಿರಬೇಕು.

7. ಸಮಾರೋಪ

ಒಟ್ಟಿನಲ್ಲಿ, ಫಂಕ್ಷನಲ್ ರಿಯಾಕ್ಟಿವ್ ಪ್ರೋಗ್ರಾಮಿಂಗ್ ಜಾನಪದಕ್ಕೆ ಹೊಸ ಯಂತ್ರವೊಂದನ್ನು ಕೊಡುವುದಕ್ಕಿಂತ ಹೆಚ್ಚಾಗಿ ಒಂದು ಶಿಸ್ತನ್ನು ಕೊಡುತ್ತದೆ. ಮಾದರಿಯನ್ನು ತಡವಾಗಿ ತೆಗೆಯಬೇಕು, ಆಕರವನ್ನು ಮುಟ್ಟಬಾರದು, ತೀರ್ಮಾನಕ್ಕೆ ಹೆಸರು ಮತ್ತು ಕಾಲವಿರಬೇಕು, ಫಲಿತವನ್ನು ಕೈಯಿಂದ ತಿದ್ದಬಾರದು. ಈ ನಾಲ್ಕು ನಿಯಮಗಳನ್ನು ಪಾಲಿಸಲು ದುಬಾರಿ ಸಾಧನಗಳು ಬೇಕಾಗಿಲ್ಲ. ಸಾಮಾನ್ಯ ಲೆಕ್ಕದ ಹಾಳೆಯಲ್ಲಿ, ಅಷ್ಟೇಕೆ, ಜಾಗರೂಕತೆಯಿಂದ ಇರಿಸಿದ ಕಾರ್ಡುಗಳಲ್ಲಿಯೂ ಇವುಗಳ ಬಹುಭಾಗವನ್ನು ಆಚರಣೆಗೆ ತರಬಹುದು. ಧ್ವನಿಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಸಂಸ್ಥೆಗಳು ಈ ವಿಂಗಡಣೆಯನ್ನು ಆರಂಭದಲ್ಲಿಯೇ ಮಾಡಿಕೊಳ್ಳದಿದ್ದರೆ, ಹಳೆಯ ತಪ್ಪುಗಳು ಹೊಸ ಮಾಧ್ಯಮದಲ್ಲಿ ಇನ್ನಷ್ಟು ವೇಗವಾಗಿ ಹರಡುತ್ತವೆ ಅಷ್ಟೆ. 'ಬತ್ತೆ' ಎಂದವರು ತಮ್ಮನ್ನು ಕುರಿತು ಹೇಳಿದರೋ ಬೇರೊಬ್ಬನನ್ನು ಕುರಿತು ಹೇಳಿದರೋ ಎಂಬುದನ್ನು ಮರಳಿ ಕೇಳಿ ನಿರ್ಧರಿಸುವ ದಾರಿ ತೆರೆದಿರುವವರೆಗೆ ಮಾತ್ರ ಸಂಗ್ರಹಾಲಯವು ಪಾಠದ ಜೊತೆಗೆ ಪ್ರದರ್ಶನವನ್ನೂ ಕಾಪಾಡಿದೆ ಎನ್ನಬಹುದು.